ಧನುಶ್ರೀ ಇಟ್ಟ ಪರೀಕ್ಷೆ

ಹುಡುಗ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟ.

ಗುಡೇಮಾರನಹಳ್ಳಿಯ ಬೋರಲಿಂಗಯ್ಯನ ಮನೆಯಲ್ಲಿ ಆಗಿನ್ನೂ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು. ಬಂದವನ ಮೈಮೇಲೆ ಇಸ್ತ್ರಿ ಮಾಡಿದ ಫ್ಯಾಕ್ಟರಿ ಶರ್ಟು. ಮದುವೆ ದಲ್ಲಾಳಿ ರಾಮಲಿಂಗಯ್ಯ ಹೇಳಿದ್ದೂ ಅದನ್ನೇ, ಹುಡುಗನಿಗೆ ಬಿಡದಿಯಲ್ಲಿ ಕೆಲಸ ಅಂತ. ಹಿರಿಯರು ಮಾಗಡಿಯಿಂದ ಬಸ್ಸಿನಲ್ಲಿ ಬರುತ್ತಿರಬೇಕು, ಇವನು ಆತುರ ತಡೆಯಲಾರದೆ ಬೈಕಿನಲ್ಲಿ ಮುಂದೆ ಬಂದಿದ್ದಾನೆ ಎಂದುಕೊಂಡರು. ಬೈಕನ್ನು ಅಂಗಳದೊಳಕ್ಕೆ ತಳ್ಳಿಕೊಂಡೇ ತಂದದ್ದನ್ನು ನೋಡಿ, ಗದ್ದಲ ಮಾಡದ ಮರ್ಯಾದಸ್ಥ ಎಂದು ಬೋರಲಿಂಗಯ್ಯ ಮೆಚ್ಚಿಕೊಂಡ.

ಅಜ್ಜಿ ಕೆಂಚಮ್ಮ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದಳು.

“ಅಜ್ಜಿ, ನಾನು ಬಂದಿದ್ದು...”

“ಉಣ್ಣಕ್ಕೆ ಮುಂಚೆ ಯಾಕ್ ಬಂದ್ರಿ ಅಂತ ಈ ಮನೇಲಿ ಯಾರನ್ನೂ ಕೇಳಾಕಿಲ್ಲ ಕಣಪ್ಪ. ಮೊದ್ಲು ತಿನ್ನು.”

ತಿಂದ. ಮತ್ತೆ ಬಾಯಿ ತೆರೆದ. ಕೆಂಚಮ್ಮ ಆ ಬಾಯಿಗೆ ಇನ್ನೊಂದು ಸೌಟು ಕೇಸರಿಬಾತು ಕೊಟ್ಟಳು. ನಡುವೆ ಊರು, ಮನೆದೇವರು ಎಲ್ಲವನ್ನೂ ವಿಚಾರಿಸಿಕೊಂಡಳು. ಕುದೂರು ಕಡೆಯವನು, ನಮ್ಮವನೇ, ಹೆಸರು ನಟರಾಜು. ಹೆಸರು ದಲ್ಲಾಳಿ ಹೇಳಿದ್ದಕ್ಕಿಂತ ಬೇರೆಯಾಗಿ ಕೇಳಿಸಿತು. ಆದರೆ ರಾಮಲಿಂಗಯ್ಯ ಯಾವತ್ತು ಒಂದು ಹೆಸರನ್ನು ನೆಟ್ಟಗೆ ಹೇಳಿದ್ದ?

ಮನೆಯವರ ಭಯವೆಲ್ಲ ಮುಂದಿನ ಘಟ್ಟದ್ದು. ಇಂಗ್ಲಿಷಿನಲ್ಲಿ ಬಿ.ಎ. ಓದಿ ಬಿಡದಿಯ ಆಫೀಸೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಮಗಳು ಧನುಶ್ರೀ ಒಂದು ಷರತ್ತು ಹಾಕಿದ್ದಳು. ತಾನೊಂದು ಇಂಗ್ಲಿಷ್ ಪದ ಹೇಳುತ್ತೇನೆ, ನೋಡಲು ಬಂದವನು ಅದಕ್ಕಿರುವ ಅರ್ಥಗಳನ್ನೆಲ್ಲ ಹೇಳಬೇಕು. ಪದ ಚಿಕ್ಕದು, ಮಕ್ಕಳೂ ಬಲ್ಲದ್ದು. ಪ್ರತಿ ಸಲ ಬೇರೆ, ಇಲ್ಲದಿದ್ದರೆ ದಲ್ಲಾಳಿ ಹೇಳಿಕೊಟ್ಟುಬಿಡುತ್ತಾನೆ. ‘ಸೆಟ್’ ಎಂದಾಗ ಒಬ್ಬ ದೋಸೆ ಎಂದ, ಅಲ್ಲಿಗೆ ನಿಂತ. ‘ಗೆಟ್’ ಎಂದಾಗ ಇನ್ನೊಬ್ಬ ತನ್ನನ್ನೇ ಹೊರಕ್ಕೆ ಹೋಗೆಂದಳೆಂದು ಎದ್ದು ಹೋದ. ಹೀಗೆ ಬಂದವರೆಲ್ಲ ಕಾಫಿ ಕುಡಿದು ಮರ್ಯಾದೆ ಕಳೆದುಕೊಂಡು ಹೋಗಿದ್ದರು.

ಬೋರಲಿಂಗಯ್ಯನ ಸಹನೆ ಸವೆದಿತ್ತು. ಈ ಸಲವೂ ಕೂಡಿಬರದಿದ್ದರೆ ನಿನ್ನ ಸೋದರಮಾವ ಅನಂತರಾಜುವಿನ ಕೈಯಲ್ಲೇ ತಾಳಿ ಕಟ್ಟಿಸುತ್ತೇನೆ ಎಂದು ಮನೆದೇವರ ಮೇಲೆ ಆಣೆ ಮಾಡಿದ್ದ. ಅನಂತರಾಜುವಿಗೆ ಹೊಟ್ಟೆ ಮುಂದಿತ್ತು, ಕೂದಲು ಹಿಂದಿತ್ತು. ಇಂಗ್ಲಿಷು ಎರಡೂ ಕಡೆ ಇರಲಿಲ್ಲ. ಧನುಶ್ರೀ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಕಾಫಿ ಲೋಟ ಇಟ್ಟು ಬಾಗಿಲಿಗೆ ಒರಗಿ ನಿಂತಳು. “ರನ್” ಎಂದಳು.

ನಟರಾಜು ಒಂದು ಗುಟುಕು ಕಾಫಿ ಕುಡಿದ. ಕಾಲಿದ್ದವರು ಓಡುವುದು ರನ್ ಎಂದ. ಕಾಲಿಲ್ಲದ ಬಸ್ಸು, ನಲ್ಲಿಯ ನೀರು, ನೆಗಡಿಯಾದವನ ಮೂಗು, ಇವೂ ಇಂಗ್ಲಿಷಿನಲ್ಲಿ ಓಡುತ್ತವಂತೆ. ಕ್ರಿಕೆಟ್ಟಿನಲ್ಲಿ ಅದನ್ನು ಹೊಡೆಯುತ್ತಾರೆ, ಅಂಗಡಿ ನಡೆಸುವುದೂ ಅದೇ. ಹೊಸ ಸೀರೆ ಒಗೆದಾಗ ಬಣ್ಣ ಬಿಡುವುದೂ ರನ್ನೇ, ಡಬ್ಬಿಯಲ್ಲಿ ಸಕ್ಕರೆ ಮುಗಿಯುವುದೂ ಅದರ ನೆಂಟನೇ. ಸಮಾನ ಪದ ಬೇಕೆಂದರೆ ಓಟಕ್ಕೆ ರೇಸ್, ನೀರಿಗೆ ಫ್ಲೋ, ಅಂಗಡಿಗೆ ಮ್ಯಾನೇಜ್. ಇನ್ನು ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ಓಡುತ್ತಾರೆ.

“ನಮ್ಮೋರೂ ಓಡ್ತಾರೆ, ಗೆದ್ದ ಮೇಲೆ,” ಎಂದ ಬೋರಲಿಂಗಯ್ಯ.

ಎಲ್ಲರೂ ಧನುಶ್ರೀಯ ಮುಖ ನೋಡಿದರು. ಅವಳು ತಲೆ ತಗ್ಗಿಸಿ “ಸರಿ” ಎಂದಳು. ಆ ಮನೆಯಲ್ಲಿ ಯಾವ ಹುಡುಗನಿಗೂ ಸಿಕ್ಕಿರದ ಮಾತು ಅದು.

ಕೆಂಚಮ್ಮ ದೇವರ ಮುಂದಿದ್ದ ಎಲೆ, ಅಡಿಕೆ, ತೆಂಗಿನಕಾಯಿ ತಂದಳು. ಹಿರಿಯರು ಬರಲಿ ತಡಿ ಎಂದ ಮಗನನ್ನು ಪಕ್ಕಕ್ಕೆ ಸರಿಸಿದಳು. “ಅವ್ರು ಬರಗಂಟ ಕಾದ್ರೆ ಇವ್ಳು ಇನ್ನೊಂದು ಪದ ಹುಡುಕ್ತಾಳೆ,” ಎಂದು, ಇಣುಕುತ್ತಿದ್ದ ನೆರೆಯವರ ಎದುರಿಗೇ ವೀಳ್ಯವನ್ನು ನಟರಾಜುವಿನ ಕೈಗೆ ಹಾಕಿದಳು. ಆ ಸೀಮೆಯಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಸ್ಟಾಂಪ್ ಪೇಪರಿಗಾದರೂ ತಕರಾರುಂಟು, ಅದಕ್ಕಿಲ್ಲ.

ಅಷ್ಟರಲ್ಲಿ ಮಾಗಡಿ ಬಸ್ಸಿನಿಂದ ಇಳಿದ ರಾಮಲಿಂಗಯ್ಯ ಬೆವರುತ್ತಾ ಒಳಗೆ ಬಂದ. ಹಿಂದೆ ಹಿರಿಯರಿಬ್ಬರು, ಅವರ ನಡುವೆ ಪೌಡರು ಬಳಿದುಕೊಂಡ ಹುಡುಗ.

ಎಲ್ಲರೂ ನಟರಾಜುವಿನ ಕಡೆ ತಿರುಗಿದರು.

“ನೀನ್ಯಾರ್ಲಾ ಹಂಗಾದ್ರೆ?” ಎಂದ ಬೋರಲಿಂಗಯ್ಯ.

“ಬೈಕಿನ ಗಾಳಿ ಹೋಗಿತ್ತು. ಪಂಪ್ ಐತಾ ಅಂತ ಕೇಳಕ್ಕೆ ಬಂದೆ,” ಎಂದ ನಟರಾಜು. “ಅಜ್ಜಿ ಹೇಳಕ್ಕೆ ಬುಡ್ಲೇ ಇಲ್ಲ.”

ಬೋರಲಿಂಗಯ್ಯ ವೀಳ್ಯ ಹಿಂದಕ್ಕೆ ಕೊಡೆಂದು ಕೈ ಚಾಚಿದ. ಕೆಂಚಮ್ಮ ಆ ಕೈ ಹಿಡಿದುಕೊಂಡಳು. “ಊರ ಮುಂದೆ ಕೊಟ್ಟಿವ್ನಿ. ನನ್ ಮಾತು ಹಿಂದಕ್ಕೆ ಹೋಗ್ಬೇಕಾದ್ರೆ ನನ್ ಹೆಣ ಮುಂದಕ್ಕೆ ಹೋಗ್ಬೇಕು.” ಹುಡುಗ ನಮ್ಮವನು, ಕೆಲಸವಿದೆ, ಪರೀಕ್ಷೆಯೂ ಪಾಸು, ಇನ್ನೇನು ಬೇಕು ಎಂದು ಕೇಳಿದಳು. ಬೋರಲಿಂಗಯ್ಯ ಹುಡುಕಿ ನೋಡಿದ, ಕಾರಣ ಸಿಗಲಿಲ್ಲ. ನಟರಾಜು ತನ್ನ ಮನೆಯವರನ್ನು ಕೇಳಬೇಕು ಎಂದು ಸ್ವಲ್ಪ ಕೊಸರಾಡಿದ. ನಾಳೆಯೇ ಕರೆದುಕೊಂಡು ಬಾ ಎಂದರು. ಧನುಶ್ರೀಯನ್ನು ಕೇಳಿದಾಗ, ಅಜ್ಜಿ ಮಾತು ಕೊಟ್ಟ ಮೇಲೆ ತನ್ನದೇನೂ ಇಲ್ಲ ಎಂದಳು. ಇಂಥ ವಿಧೇಯತೆ ಕಂಡು ಅಪ್ಪನಿಗೆ ಕಣ್ಣು ತುಂಬಿತು. ಪೌಡರಿನ ಹುಡುಗನಂತೂ ಇಂಗ್ಲಿಷಿನಿಂದ ಪಾರಾದ ಸಂತೋಷಕ್ಕೆ ಎರಡು ಸಲ ಕೇಸರಿಬಾತು ಹಾಕಿಸಿಕೊಂಡ.

ಸೈಕಲ್ ಪಂಪನ್ನು ಧನುಶ್ರೀಯೇ ಅಂಗಳಕ್ಕೆ ತಂದುಕೊಟ್ಟಳು. ಸುತ್ತ ಯಾರೂ ಇರಲಿಲ್ಲ.

“ಎಲ್ಲಾ ಅರ್ಥನೂ ಹೇಳ್ದೆ, ಓಡಿಹೋಗೋದು ಅನ್ನೋದೊಂದನ್ನ ಯಾಕೆ ಬುಟ್ಟೆ?” ಎಂದು ಮೆಲ್ಲಗೆ ಕೇಳಿದಳು.

“ಅದೊಂದು ಬ್ಯಾಡ ಅಂತ ತಾನೆ ನೀನು ದಿನಾ ಬಸ್ಸಲ್ಲಿ ಪಕ್ಕ ಕೂರುಸ್ಕಂಡು ಮಿಕ್ಕಿದ್ದೆಲ್ಲ ಬಾಯಿಪಾಠ ಮಾಡ್ಸಿದ್ದು,” ಎಂದ ನಟರಾಜು, ಗಾಳಿ ಹೊಡೆಯುತ್ತಾ.