ನಸೀಬಾ ನುಂಗಿದ ಮಾತು

ಇಂಗ್ಲಿಷ್ ಸರ್ ಬೋರ್ಡು ತುಂಬ ಬರೆದು, ಬಾಯಿ ತುಂಬ ಮಾತಾಡಿದರು. ಪಕ್ಕದಲ್ಲಿ ಕೂತ ನಸೀಬಾ ಅಶ್ಮಿತಾಳ ಕಿವಿಯಲ್ಲಿ ಉಸುರಿದ್ದು ಇಷ್ಟೇ: "ಸಾಲಾಗಿ ಕೆಲಸಗಳನ್ನು ಹೇಳುವಾಗ ಎಲ್ಲದರ ರೂಪ ಒಂದೇ ಇರಬೇಕು. ಒಂದಕ್ಕೆ ಇಂಗ್ ಹಾಕಿದರೆ ಎಲ್ಲದಕ್ಕೂ ಹಾಕು. ನಡುವೆ ಕಾಮಾ."

"ಅಷ್ಟೇಯಾ?"

"ಅಷ್ಟೇ. ಬರಿ."

ಅಶ್ಮಿತಾಳಿಗೆ ಮೈ ಉರಿಯಿತು. ಗಡಿನಾಡ ಬಂದ್ಯೋಡಿನಲ್ಲಿ ಸರಕಾರಿ ಕೆಲಸದ ಪರೀಕ್ಷೆಗೆ ತಯಾರು ಮಾಡುವ ಈ ಪಿಎಸ್‌ಸಿ ಕೋಚಿಂಗಿನ ಸರ್ ಕೊಲ್ಲಂ ಕಡೆಯವರು. ಇಂಗ್ಲಿಷನ್ನು ಮಲಯಾಳದಲ್ಲಿ ಕಲಿಸುತ್ತಾರೆ, ಅದೂ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಮೀಂಜದಲ್ಲಿ ಕನ್ನಡ ಮೀಡಿಯಂ ಓದಿದ ಅಶ್ಮಿತಾಳಿಗೆ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು ಮಲಯಾಳ ಬರುತ್ತದೆ. ಮನೆಯಲ್ಲಿ ಮಲಯಾಳಕ್ಕೆ ಹತ್ತಿರದ ಬ್ಯಾರಿ ಮಾತಾಡುವ ನಸೀಬಾಳಿಗೆ ಅದು ನೀರು ಕುಡಿದಷ್ಟು ಸಲೀಸು. ಮಾದರಿ ಪರೀಕ್ಷೆಯಲ್ಲಿ ಅವಳೇ ಮೊದಲು, ಅಶ್ಮಿತಾ ಎಲ್ಲೋ ಬಾಲದಲ್ಲಿ. ಇಬ್ಬರೂ ಕಣ್ಣಿಟ್ಟದ್ದು ಒಂದೇ ಗುಮಾಸ್ತೆ ಕೆಲಸಕ್ಕೆ. ಸೇರು ತಾನಿಟ್ಟುಕೊಂಡು ನನಗೆ ಪಾವು ಅಳೆಯುತ್ತಿದ್ದಾಳೆ ಎಂದು ಅಶ್ಮಿತಾಳಿಗೆ ಖಾತ್ರಿಯಾಯಿತು. ಹೊಟ್ಟೆಕಿಚ್ಚು ಸಾಕ್ಷಿ ಕೇಳುವುದಿಲ್ಲ. ಇವಳಿಗೆ ಅದೂ ಬೇಕಿತ್ತು. ಮರುದಿನ ಮೊಬೈಲಿನಲ್ಲಿ ಪಾಠವನ್ನೆಲ್ಲ, ನಸೀಬಾ ಉಸುರಿದ್ದರ ಸಮೇತ, ರೆಕಾರ್ಡ್ ಮಾಡಿಕೊಂಡಳು.

ಅಣ್ಣನ ಹೆಂಡತಿ ಕಮಲ ಕಾಞಂಗಾಡಿನವಳು, ಮಲಯಾಳ ಚೆನ್ನಾಗಿ ಬಲ್ಲವಳು. ಸಂಜೆ ಅವಳನ್ನು ಕೂರಿಸಿ ಅಶ್ಮಿತಾ, "ಅತ್ತಿಗೆ, ಸರ್ ಹೇಳಿದ್ದರಲ್ಲಿ ಇವಳು ಎಂತೆಂತ ಬಿಟ್ಟಿದ್ದಾಳೆ, ನೋಡಿ ಹೇಳಿ," ಎಂದಳು.

ಕಮಲ ಕಿವಿಗೊಟ್ಟು ಕೇಳಿದಳು. ನುಡಿಗಟ್ಟುಗಳ ಅರ್ಥ ಸರಿಯಿತ್ತು, ಕಾಮಾ ಹಾಕುವ ಕ್ರಮವೂ ಸರಿಯಿತ್ತು. ಸರ್ ಸುತ್ತಿ ಬಳಸಿ ಹೇಳಿದ್ದನ್ನು ಈ ಹುಡುಗಿ ಚಂದ ಮಾಡಿ ಹೇಳಿದ್ದಾಳೆ ಎಂದು ಮೆಚ್ಚಿಕೊಂಡಳು. ಅಶ್ಮಿತಾಳ ಮುಖ ಇನ್ನಷ್ಟು ದಪ್ಪವಾಯಿತು.

ಒಂದು ಕಡೆ ಕಮಲ ಥಟ್ಟನೆ ಮೊಬೈಲ್ ನಿಲ್ಲಿಸಿದಳು.

"ಸಿಕ್ಕಿತಾ? ಎಂತ ಬಿಟ್ಟಳು?"

ಕಮಲ ಹೇಳಲು ಒಪ್ಪಲಿಲ್ಲ. ಅಶ್ಮಿತಾ ಬಿಡಲಿಲ್ಲ.

"ಸರ್ ನಿನ್ನನ್ನೇ ಹೇಳಿದ್ದು ಮಾರಾಯ್ತಿ. ಪಕ್ಕದವಳು ಕಿವಿಯಲ್ಲಿ ಹೇಳಿದ್ದನ್ನು ಬರೆಯುವ ಇವಳು ಬೆಂಚು ಬಿಸಿ ಮಾಡಲಿಕ್ಕೆ ಬರುವುದು, ಇವಳಿಗೆ ಕಲಿಸುವ ಬದಲು ಎಮ್ಮೆಗೆ ಕಲಿಸಿದ್ದರೆ ಅದು ಗುಮಾಸ್ತೆ ಆಗ್ತಿತ್ತು ಅಂತ."

ಅಶ್ಮಿತಾ ಮೊಬೈಲ್ ಕಿತ್ತುಕೊಂಡು ಮತ್ತೆ ಹಾಕಿದಳು. ಮೊಬೈಲಿನೊಳಗೆ ಇಡೀ ಕ್ಲಾಸು ಗೊಳ್ಳೆಂದಿತು. ನಸೀಬಾ ನಗಲಿಲ್ಲ. ತುಸು ತಡೆದು, "ಎಂತದೋ ಜೋಕು. ನೀನು ಬರಿ," ಎಂದಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬಳು ಮಾತ್ರ, ಅರ್ಥವಾದವಳ ಹಾಗೆ, ಜೋರಾಗಿ ನಕ್ಕಳು.

ಆ ನಗು ಅಶ್ಮಿತಾಳದು.