ಮೇಜರ್ ರುದಕೋವನ ಅಪಶಕುನ

ವಿಮಾನದ ಎಂಜಿನ್ ಶುರುವಾಗಿತ್ತು. ಗಾಲಿಗೆ ಕೊಟ್ಟಿದ್ದ ಮರದ ತುಂಡು ಎಳೆಯುವುದಷ್ಟೇ ಬಾಕಿ. ಆಗ ಮೇಜರ್ ಗವ್ರಿಲ್ ರುದಕೋವ್ ಎಂಜಿನ್ ಆರಿಸಿ, ಕೆಳಗಿಳಿದು, ಎಡಭುಜದ ಮೇಲಿಂದ ಮೂರು ಸಲ ಉಗಿದು ನಡೆದುಬಿಟ್ಟ. ಕಾರಣ ಇಷ್ಟೆ: ವಿಮಾನ ಕಟ್ಟುವ ಶೆಡ್ಡಿನಲ್ಲಿ ಒಲೆ ನೋಡಿಕೊಳ್ಳುವ ಅಗಾಫ್ಯಾ ಅಜ್ಜಿ ಮೈದಾನದಾಚೆಯ ಬಾವಿಗೆಂದು ಅವನ ಮುಂದೆ ಹಾದುಹೋಗಿದ್ದಳು. ಅವಳ ಹೆಗಲ ಅಡ್ಡೆಯಲ್ಲಿ ಎರಡು ಖಾಲಿ ಬಕೆಟ್‌ಗಳಿದ್ದವು.

ಆ ನವೆಂಬರಿನಲ್ಲಿ ಇದು ಮೂರನೆಯ ಸಲ. ಕಾರ್ಖಾನೆಯ ಭದ್ರತೆ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಲೆಝ್ನೆವ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ರುದಕೋವ್ ಸಾಮಾನ್ಯ ಆಸಾಮಿಯಲ್ಲ. ಎರಡು ವರ್ಷದ ಯುದ್ಧದಲ್ಲಿ ಹದಿಮೂರು ಜರ್ಮನ್ ವಿಮಾನ ಉರುಳಿಸಿದವನು, ಎರಡು ಸಲ ಉರಿಯುವ ವಿಮಾನದಿಂದ ಜಿಗಿದವನು. ಕಾಲು ಕುಂಟಾದ ಮೇಲೆ ವೋಲ್ಗಾ ದಂಡೆಯ ನಮ್ಮ ಕಾರ್ಖಾನೆಗೆ ಪರೀಕ್ಷಾ ಪೈಲಟ್ ಆಗಿ ಬಂದಿದ್ದ. ನಾವು ಕಟ್ಟಿದ ಪ್ರತಿ ಯುದ್ಧವಿಮಾನವನ್ನು ಮೊದಲು ಅವನು ಹಾರಿಸಿ ಸಹಿ ಹಾಕಬೇಕು. ಹಾರುವ ಮುನ್ನ ಗಡ್ಡ ಬೋಳಿಸಬಾರದು, ಫೋಟೋ ತೆಗೆಸಿಕೊಳ್ಳಬಾರದು. ಇದು ಪೈಲಟ್‌ಗಳೆಲ್ಲ ಪಾಲಿಸುವ ನೇಮ, ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಜರ್ಮನರಿಗೆ ಹೆದರದವನು ಮುದುಕಿಯ ಬಕೆಟ್ಟಿಗೆ ಹೆದರಿದರೆ ಜನ ಬಿಡುತ್ತಾರೆಯೇ? ಊಟದ ಮನೆಯಲ್ಲಿ ಖಾಲಿ ಬಟ್ಟಲು ಹಿಡಿದು ಬೇಕೆಂದೇ ಅವನ ಮುಂದೆ ಓಡಾಡುತ್ತಿದ್ದೆವು. ಅವನು ತನ್ನ ಪಾಡಿಗೆ ಎಲೆಕೋಸಿನ ಸಾರು ಕುಡಿಯುತ್ತಿದ್ದ.

ವಿಚಿತ್ರವೆಂದರೆ ಮರುದಿನ ಅದೇ ವಿಮಾನ ಹತ್ತಿ, ಆಕಾಶದಲ್ಲಿ ಲಾಗ ಹಾಕಿಸಿ, ಇಳಿದು ಸಹಿ ಮಾಡುತ್ತಿದ್ದ. ಲೆಝ್ನೆವನಿಗೆ ಇದೇ ಬಗೆಹರಿಯಲಿಲ್ಲ. ಕರೆಸಿ ಕೇಳಿದ:

"ವಿಮಾನದಲ್ಲಿ ಏನಾದ್ರೂ ದೋಷ ಇತ್ತಾ? ಇದ್ರೆ ಹೇಳ್ಬಿಡಿ. ಯಾರನ್ನ ಹಿಡೀಬೇಕು ಅಂತ ನಂಗೊತ್ತು."

"ದೋಷ ಏನಿಲ್ಲ. ಅಜ್ಜಿ ಅಡ್ಡ ಬಂದ್ಲು, ಅಷ್ಟೆ."

"ನೀವು ಪಕ್ಷದ ಸದಸ್ಯರು, ಕಾಮ್ರೇಡ್ ಮೇಜರ್."

"ಅಜ್ಜಿ ಅಲ್ವಲ್ಲ."

"ಇನ್ನೊಂದು ಸಲ ಇಳಿದ್ರೆ ಪದವಿ, ಪದಕ ಎಲ್ಲಾ ಕಿತ್ತು ದಂಡನೆ ದಳಕ್ಕೆ ಕಳಿಸ್ತೀನಿ. ಅಲ್ಲಿ ಬಂದೂಕು ಹಿಡಿದು ನಡ್ಕೊಂಡೇ ಹೋಗ್ಬೇಕು."

"ಕುಂಟನಿಗೆ ಅದೊಂದು ಕಷ್ಟ," ಎಂದ ರುದಕೋವ್.

ಹಿಡಿಯುವುದರಲ್ಲಿ ಲೆಝ್ನೆವ್ ನಿಸ್ಸೀಮ. ನಮ್ಮ ವಿಮಾನಗಳು ಮರದವು, ಮೇಲೆ ತೆಳು ಹಲಗೆ ಅಂಟಿಸಿದವು. ಹಿಂದಿನ ಚಳಿಗಾಲ ಒಂದರ ಹಲಗೆ ಆಕಾಶದಲ್ಲೇ ಕಿತ್ತುಬಂದು ಪೈಲಟ್ ಸವ್ವಿನ್ ಸತ್ತ. ತಿಂಗಳ ಗುರಿ ಮುಟ್ಟಲು ಗಡಿಬಿಡಿ ಮಾಡಿಸಿದ್ದವನು ಡೈರೆಕ್ಟರ್. ದೇಶದ್ರೋಹದ ಹೆಸರಲ್ಲಿ ಸೆರೆಮನೆ ಸೇರಿದ್ದು ಅಂಟು ಹಚ್ಚುವ ನಾಲ್ವರು ಹೆಂಗಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂದಿನಿಂದ ಶೆಡ್ಡು ಬಿಟ್ಟ ಪ್ರತಿ ವಿಮಾನದ ಕಾಗದದಲ್ಲೂ 'ಎಲ್ಲ ಸರಿಯಾಗಿದೆ' ಎಂದೇ ಬರೆದಿರುತ್ತಿತ್ತು.

ಇಪ್ಪತ್ತೊಂಬತ್ತನೆಯ ತಾರೀಖು ಮಾಸ್ಕೋದಿಂದ ತಪಾಸಣೆಯವರು ಬಂದರು. ಮೂಢನಂಬಿಕೆಗೆ ಮದ್ದು ಹೇಗೆ ಅರೆಯುತ್ತಾರೆಂದು ಅವರಿಗೆ ತೋರಿಸಲು ಲೆಝ್ನೆವ್ ಅಗಾಫ್ಯಾ ಅಜ್ಜಿಯನ್ನು ಹಿಡಿದು ತಂದು, ಖಾಲಿ ಬಕೆಟ್ ಹೊರಿಸಿ, ವಿಮಾನದ ಮುಂದೆ ಮೂರು ಸಲ ನಡೆಸಿದ. ಮಾಸ್ಕೋದವರು ಕೋಟಿನ ಕಾಲರಿನೊಳಗೆ ನಕ್ಕರು. ರುದಕೋವ್ ಕಾಕ್‌ಪಿಟ್ಟಿನಿಂದ ಬಗ್ಗಿದ.

"ಅಜ್ಜೀ, ನೀರಿಗೆ ನೀನಾಗೇ ಹೊರಟ್ಯಾ?"

"ಎಲ್ಲಿ ಬಂತು ಗವ್ರ್ಯೂಶಾ ಮಗಾ! ಬಿಸಿ ಒಲೆ ಪಕ್ಕ ಮಲಗಿದ್ದೆ, ಈ ಮಹಾರಾಯ ಎಬ್ಬಿಸ್ಕೊಂಡ್ ಬಂದ. ಇವತ್ತು ನನಗ್ಯಾಕಪ್ಪ ನೀರು?"

ರುದಕೋವ್ ನಕ್ಕು ಗಾಜು ಎಳೆದುಕೊಂಡು ಹಾರಿದ. ತಪಾಸಣೆಯವರ ತಲೆಯ ಮೇಲೇ ಲಾಗ ಹೊಡೆದು ಇಳಿದ. ಚಪ್ಪಾಳೆಯೋ ಚಪ್ಪಾಳೆ. ರೋಗ ಮೂರೇ ಸುತ್ತಿಗೆ ವಾಸಿಯಾಯಿತೆಂದು ಲೆಝ್ನೆವ್ ಒಂಬತ್ತು ಪುಟದ ವರದಿ ಬರೆದು ಅವರ ಕೈಯಲ್ಲೇ ಕಳಿಸಿದ.

ಮೂವತ್ತನೆಯ ತಾರೀಖು, ತಿಂಗಳ ಕೊನೆ. ಗುರಿಗೆ ಒಂದೇ ವಿಮಾನ ಕಡಿಮೆ. ಬೆಳಗಿನಿಂದ ಡೈರೆಕ್ಟರ್ ಶೆಡ್ಡಿನಲ್ಲೇ ನಿಂತು ಕೂಗಾಡಿ ಅದನ್ನೂ ಹೊರಗೆ ತಳ್ಳಿಸಿದ. ರುದಕೋವನ ವಿಮಾನ ಇನ್ನೇನು ಓಟ ಶುರುಮಾಡಬೇಕು, ಅಗಾಫ್ಯಾ ಅಜ್ಜಿ ಖಾಲಿ ಬಕೆಟ್ ಹೊತ್ತು ಏದುಸಿರು ಬಿಡುತ್ತ ಅಡ್ಡ ಬಂದಳು. ಈ ಸಲ ಅವಳನ್ನು ಯಾರೂ ಎಳೆದು ತಂದಿರಲಿಲ್ಲ.

ಎಂಜಿನ್ ಆರಿತು. ಲೆಝ್ನೆವ್ ಟೋಪಿಯಿಲ್ಲದೆ ಓಡಿ ಬಂದ.

"ನಿನ್ನೆ ಮೂರು ಸುತ್ತು ಬಂದ್ರೂ ಹಾರಿದ್ರಲ್ರೀ!"

"ನಿನ್ನೆ ನಂಬಿಕೆ ಇರ್ಲಿಲ್ಲ, ಇವತ್ತು ಬಂತು."

"ಹತ್ತಿ. ಇದು ಆಜ್ಞೆ."

ರುದಕೋವ್ ವಿಮಾನವನ್ನು ನೋಡಿದ, ಶೆಡ್ಡಿನ ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರನ್ನು ನೋಡಿದ. "ಇಲ್ಲ," ಎಂದು ತಾನೇ ಎದೆಯ ಪದಕಗಳನ್ನು ಬಿಚ್ಚತೊಡಗಿದ.

ಅಷ್ಟು ದೊಡ್ಡ ವೀರ ಇಷ್ಟು ಅಗ್ಗವಾಗಿ ಹಾಳಾದನಲ್ಲ ಎಂದು ನಮಗೆ ಸಿಟ್ಟೇ ಬಂತು. ಶೆಡ್ಡಿನ ಹೆಂಗಸರು ಮಾತ್ರ ಅತ್ತರು. ಹೆಂಗಸರ ಕಣ್ಣೀರಿಗೆ ಕಾರಣ ಬೇಕೇ ಎಂದುಕೊಂಡು ನಾವು ಊಟಕ್ಕೆ ಹೋದೆವು.

ಮರುದಿನ ಅವನ ಜಾಗಕ್ಕೆ ಲೆಫ್ಟಿನೆಂಟ್ ಯೆಲಾಗಿನ್ ಬಂದ. ನುಣ್ಣಗೆ ಗಡ್ಡ ಬೋಳಿಸಿ, ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಸಿಪಾಯಿಯ ಹಳೆಯ ಕೋಟು ತೊಟ್ಟ ರುದಕೋವ್ ಲಾರಿ ಹತ್ತುವ ಮೊದಲು ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಯೆಲಾಗಿನ್ನನ ಮುಖದ ನಗು ಆರಿತು. ಡಿಸೆಂಬರ್ ಇಪ್ಪತ್ತೆಂಟಕ್ಕೆ ಅವನೂ ಖಾಲಿ ಬಕೆಟ್ ಕಂಡು ಕೆಳಗಿಳಿದ. ಮೂಢನಂಬಿಕೆ ಅಂಟುರೋಗವೆಂದು ಲೆಝ್ನೆವ್ ಇನ್ನೊಂದು ವರದಿ ಬರೆದ.

ಲಾರಿಯ ಪಕ್ಕದಲ್ಲಿ ಆಡಿದ ಆ ಮಾತನ್ನು ಯೆಲಾಗಿನ್ ನಮಗೆ ಹೇಳಿದ್ದು ಯುದ್ಧ ಮುಗಿದ ಮೇಲೆ, ರುದಕೋವ್ ಎಲ್ಲಿ ಸತ್ತನೆಂದೂ ಯಾರಿಗೂ ತಿಳಿಯದಿದ್ದ ಕಾಲದಲ್ಲಿ:

"ಬಕೆಟ್ಟಲ್ಲಿ ಏನೂ ಇಲ್ಲ ಕಣಯ್ಯ, ರೆಕ್ಕೆ ಅಂಟು ಇನ್ನೂ ಹಸಿ ಇದ್ರೆ ಆ ಹೆಣ್ಮಕ್ಕಳು ಬಾಯಿಬಿಟ್ಟು ಹೇಳೋ ಹಾಗಿಲ್ಲ, ಅದಕ್ಕೇ ಅಜ್ಜೀನ ನೀರಿಗೆ ಕಳಿಸ್ತಾರೆ."