ಪರದೆಯಾಚೆಯ ಕೈ

ಮೂರು ಜನ ಒಟ್ಟಿಗೆ ಮೇಲೆ ಬಿದ್ದರೂ ನನಗೇನೂ ಆಗಲಿಲ್ಲ. ಹಾಗಾದರೆ ಪರದೆಯಾಚೆ ಕೂತವರಿಗೆ ಎಷ್ಟು ನೋವಾಗಿರಬೇಕು? ಹತ್ತು ವರ್ಷ ರಗ್ಬಿ ಆಡಿದ ಧರಣೇಂದ್ರನಿಗೆ ಈ ಅನುಮಾನ ಇವತ್ತೇ ಯಾಕೆ ಹುಟ್ಟಿತೋ. ವೃತ್ತಿ ಆಟಗಾರರಿಗೆಲ್ಲ ನೋವು ಹೊರುವವರು ಒಬ್ಬೊಬ್ಬರಿರುತ್ತಾರೆ. ಮೈದಾನದಲ್ಲಿ ಬಿದ್ದ ಪೆಟ್ಟಿನ ನೋವೆಲ್ಲ ಅವರದು. ಅವರು ಯಾರೆಂದು ಆಟಗಾರನಿಗೆ ತಿಳಿದಿದೆ ಎಂದು ಗೊತ್ತಾದರೆ ನಿಯಮದಂತೆ ಅವನ ಆಟ ಅಲ್ಲಿಗೇ ಮುಗಿಯಿತು.

ಪಂದ್ಯದ ನಂತರ ಪರದೆಯ ಸಂದಿಯಿಂದ ಅವರಿಗೊಂದು ಎಳನೀರು ಕೊಡುವುದು ರೂಢಿ.

"ಏನೋ, ಮದುವೆ ಗಂಡಿನ ಥರ ಅಂತರಪಟದ ಮುಂದೆ ನಿಂತ್ಬಿಟ್ಟೆ? ಕೊಟ್ಟು ಬಾರೋ!" ಎಂದು ಕೋಚ್ ಮುತ್ತಣ್ಣ ಬಾಗಿಲಲ್ಲಿ ನಕ್ಕರು.

ಧರಣೇಂದ್ರ ಕೈ ಚಾಚಿದ. ಆಚೆಯಿಂದ ಕೈಯೊಂದು ಎಳನೀರು ತೆಗೆದುಕೊಂಡಿತು. ಮತ್ತೊಂದು ಕೈ, ತನಗೇ ಅರಿವಿಲ್ಲದಂತೆ, ಅವನ ಸೊಟ್ಟ ಕಿರುಬೆರಳನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಎಳೆಯಿತು.

ಚಿಕ್ಕಂದಿನಲ್ಲಿ ಗೇಟಿಗೆ ಸಿಕ್ಕಿ ಸೊಟ್ಟಗಾದ ಆ ಬೆರಳನ್ನು ಹಾಗೆ ಎಳೆಯುವವಳು ಲೋಕದಲ್ಲಿ ಒಬ್ಬಳೇ. ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಪದ್ಮಾವತಿ. ಪ್ರತಿ ಪಂದ್ಯದ ಮರುದಿನ ಫೋನಿನಲ್ಲಿ, "ದೊಡ್ಡ ಪಾತ್ರೆ ಎತ್ತಿದೆ ಕಣೋ, ಸೊಂಟ ಹಿಡ್ಕೊಂಡಿದೆ" ಎನ್ನುವ ಅಕ್ಕ.

ಕೆಂಡ ಮುಟ್ಟಿದಂತೆ ಆ ಕೈ ಥಟ್ಟನೆ ಹಿಂದೆ ಸರಿಯಿತು.

"ಯಾಕೋ ಮುಖ ಬಿಳಿಚ್ಕೊಂಡಿದೆ? ಭಾನುವಾರ ಫೈನಲ್ ಆಡ್ತೀಯ ತಾನೇ?" ಮುತ್ತಣ್ಣ ಕೇಳಿದರು.

ಪರದೆ ಇನ್ನೂ ಅಲುಗುತ್ತಿತ್ತು.

"ಆಡ್ತೀನಿ ಸರ್."

ಆಚೆಗಿರುವವಳು ತನ್ನ ಅಕ್ಕ ಎಂದು ಅವನು ಅವತ್ತು ಹೇಳಲಿಲ್ಲ; ಆಮೇಲೆ ಆಡಿದ ಆರು ವರ್ಷಗಳಲ್ಲೂ ಹೇಳಲಿಲ್ಲ.